ಮಳೆ ಶುರುವಾದರೆ ಎಸಿ ರಿಪೇರಿ ಅಂಗಡಿಯ ಫೋನ್ ನಿಲ್ಲುತ್ತದೆ: ಡಿಸ್ಕೌಂಟ್ ಕೊಟ್ಟರೆ ಸರಿಹೋಗುತ್ತದೆಯೇ?

ಪ್ರಶ್ನೆ: ದಾವಣಗೆರೆಯಲ್ಲಿ ಎಸಿ, ಫ್ರಿಜ್ ರಿಪೇರಿ ಅಂಗಡಿ ಇಟ್ಟು ಆರು ವರ್ಷವಾಯಿತು. ನಾನು, ಜೊತೆಗೆ ಇಬ್ಬರು ಹುಡುಗರು. ಮಾರ್ಚ್‌ನಿಂದ ಮೇ ತನಕ ಊಟಕ್ಕೂ ಪುರುಸೊತ್ತಿರುವುದಿಲ್ಲ, ಎಷ್ಟೋ ಕಾಲ್‌ಗಳನ್ನು ಬಿಟ್ಟೇಬಿಡುತ್ತೇವೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದರೆ ಮುಗಿಯಿತು, ದಿನಕ್ಕೊಂದು ಕೆಲಸ ಬಂದರೆ ಹೆಚ್ಚು. ಬಾಡಿಗೆ, ಸಂಬಳ ಎಲ್ಲ ಕೈಯಿಂದ. ಹೋದ ವರ್ಷ ‘30% ರಿಯಾಯಿತಿ’ ಎಂದು 5,000 ಪಾಂಪ್ಲೆಟ್ ಪೇಪರ್ ಒಳಗೆ ಹಾಕಿಸಿದೆ, ಬಂದದ್ದು 11 ಕಾಲ್. ಫೇಸ್‌ಬುಕ್‌ನಲ್ಲಿ ಬೂಸ್ಟ್ ಮಾಡಿದೆ, ಲೈಕ್ ಬಂತು, ಕೆಲಸ ಬರಲಿಲ್ಲ. ಈಗ ಆನ್‌ಲೈನ್‌ನಲ್ಲಿ ಗಿರಾಕಿ ಕೊಡಿಸುವವರು ವರ್ಷಕ್ಕೆ 24,000 ಕಟ್ಟಿ ಅನ್ನುತ್ತಿದ್ದಾರೆ. ಕಟ್ಟಲೇ? ಒಬ್ಬ ಹುಡುಗನನ್ನು ಬಿಡಿಸಲೇ? ವ್ಯಾಪಾರವೇ ಇಳಿಯುತ್ತಿದೆಯೋ, ಸೀಸನ್ ಹೀಗೋ ಅನ್ನುವುದೂ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಗದೆ ಉಳಿದದ್ದಕ್ಕೆ ದುಡ್ಡು ಹಾಕಿದರೆ ಅದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಮೂರು ವರ್ಷದ ಬಿಲ್ ಪುಸ್ತಕ ತೆಗೆಯಿರಿ. ಪ್ರತಿ ತಿಂಗಳು ಎಷ್ಟು ಕೆಲಸ ಆಯಿತು ಎಂದು ಬರೀ ಸಂಖ್ಯೆ ಬರೆಯಿರಿ, ದುಡ್ಡು ಬೇಡ. ಈ ಜುಲೈಯನ್ನು ಈ ಮೇ ಜೊತೆ ಹೋಲಿಸಬೇಡಿ, ಹೋದ ಜುಲೈ ಜೊತೆ ಹೋಲಿಸಿ. ಜುಲೈಗೆ ಜುಲೈ ಹೆಚ್ಚುಕಡಿಮೆ ಸಮ ಇದ್ದರೆ ಅದು ಸೀಸನ್. ಮೇ ತಿಂಗಳಲ್ಲೂ ವರ್ಷದಿಂದ ವರ್ಷಕ್ಕೆ ಇಳಿದಿದ್ದರೆ ಗಿರಾಕಿ ಕೈಬಿಟ್ಟು ಹೋಗುತ್ತಿದ್ದಾರೆ ಎಂದರ್ಥ, ಅದಕ್ಕೆ ಮದ್ದು ಬೇರೆ. ಇದರ ಜೊತೆಗೆ ಇನ್ನೊಂದು ಎಣಿಕೆ ಮಾಡಿ: ಹೋದ ಬೇಸಿಗೆಯಲ್ಲಿ ಬಂದ ಮನೆಗಳಲ್ಲಿ ಈ ಬೇಸಿಗೆಯಲ್ಲೂ ನಿಮ್ಮನ್ನೇ ಕರೆದವರು ಎಷ್ಟು? ನೂರಕ್ಕೆ 30 ಮನೆಯವರು ಮಾತ್ರ ವಾಪಸ್ ಬಂದಿದ್ದರೆ ಉಳಿದ 70 ಮನೆಗೆ ಯಾರೋ ಹೋಗಿದ್ದಾರೆ. ನೀವೇ ಬರೆದಿದ್ದೀರಲ್ಲ, ಏಪ್ರಿಲ್‌ನಲ್ಲಿ ಎಷ್ಟೋ ಕಾಲ್ ಬಿಟ್ಟುಬಿಡುತ್ತೇವೆ ಅಂತ. ಆ ಬಿಟ್ಟ ಕಾಲ್‌ಗಳಲ್ಲಿ ಹಳೆಯ ಗಿರಾಕಿಗಳೂ ಇದ್ದರು.

ಇನ್ನು ಡಿಸ್ಕೌಂಟ್. ಬೆಲೆ ಇಳಿಸಿದರೆ ಮಳೆಗಾಲದಲ್ಲಿ ಕೆಲಸ ಬರುತ್ತದೆ ಅನ್ನುವ ನಂಬಿಕೆ ನಿಮ್ಮ ಕಸುಬಿನಲ್ಲಿ ಗಟ್ಟಿಯಾಗಿ ಕೂತಿದೆ. ಜೂನ್‌ನಲ್ಲಿ ಜನ ಎಸಿ ಸರ್ವಿಸ್ ಮಾಡಿಸದಿರುವುದು 600 ರೂಪಾಯಿ ಜಾಸ್ತಿಯಾಯಿತು ಅಂತಲ್ಲ. ಎಸಿಯ ನೆನಪೇ ಅವರಿಗಿಲ್ಲ, ರಿಮೋಟ್ ಡ್ರಾಯರ್ ಸೇರಿದೆ. ನೆನಪಿಲ್ಲದ ಸಾಮಾನಿಗೆ ಬೆಲೆ ಇಳಿಸಿದರೆ ಯಾರ ಕಿವಿಗೂ ಬೀಳುವುದಿಲ್ಲ. ಕಿವಿಗೆ ಬೀಳುವುದು ಹೇಗೂ ನಿಮ್ಮನ್ನೇ ಕರೆಯಬೇಕೆಂದಿದ್ದವರಿಗೆ ಮಾತ್ರ.

ಲೆಕ್ಕ ನೋಡಿ. ಜೆಟ್ ಪಂಪ್ ಸರ್ವಿಸ್‌ಗೆ, ಅಂದರೆ ರಭಸದ ನೀರಿನಿಂದ ಎಸಿ ತೊಳೆಯುವುದಕ್ಕೆ, ನೀವು 600 ತೆಗೆದುಕೊಳ್ಳುತ್ತೀರಿ ಎಂದುಕೊಳ್ಳಿ. ಪೆಟ್ರೋಲ್, ಕೆಮಿಕಲ್, ಹುಡುಗನ ಕೆಲಸದ ಭತ್ಯೆ ಸೇರಿ 240 ಹೋದರೆ ಉಳಿಯುವುದು 360. ಶೇ 30 ಬಿಟ್ಟರೆ ಕೈಗೆ ಬರುವುದು 420, ಖರ್ಚು ಅದೇ 240, ಉಳಿಯುವುದು 180. ಅಂದರೆ ಬೆಲೆಯಲ್ಲಿ ಶೇ 30 ಬಿಟ್ಟು ಉಳಿತಾಯದಲ್ಲಿ ಅರ್ಧ ಬಿಟ್ಟಿರಿ, ಮೊದಲಿನಷ್ಟೇ ದುಡ್ಡು ನೋಡಲು ಎರಡು ಪಟ್ಟು ಕೆಲಸ ಬೇಕು. ಅದೂ ಅಲ್ಲದೆ ಮಾರ್ಚ್‌ನಲ್ಲಿ ಅದೇ ಮನೆಯವರು “ಆಷಾಢದಲ್ಲಿ 420 ತಗೊಂಡಿದ್ರಲ್ಲ?” ಅನ್ನುತ್ತಾರೆ. ಆಗ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಹಾಗಾದರೆ ಮಳೆಗಾಲದಲ್ಲಿ ಮಾರಲು ಏನಿದೆ? ಏಪ್ರಿಲ್ ತಿಂಗಳ ಸರದಿ ಇದೆ. ನಿಮ್ಮ ಅಂಗಡಿಯಲ್ಲಿ ಇರುವ ಅತ್ಯಂತ ಬೆಲೆಬಾಳುವ ಸಾಮಾನು ಅದೇ, ಮತ್ತು ಅದನ್ನು ಈಗ ಕೊಟ್ಟರೆ ನಿಮಗೆ ಖರ್ಚಿಲ್ಲ. ಏಪ್ರಿಲ್‌ನಲ್ಲಿ ಮೂರು ದಿನ ಕಾದು, ನಾಲ್ಕು ಅಂಗಡಿಗೆ ಫೋನ್ ಮಾಡಿ ಬೇಸತ್ತವರಿಗೆ ಅದರ ಬೆಲೆ ಗೊತ್ತು. ‘ಈಗ 600 ಕೊಟ್ಟು ಸರ್ವಿಸ್ ಮಾಡಿಸಿದವರಿಗೆ ಬೇಸಿಗೆಯಲ್ಲಿ ತೊಂದರೆ ಬಂದರೆ ಕಾಲ್ ಮಾಡಿದ ಮರುದಿನದೊಳಗೆ ಬರುತ್ತೇವೆ’ ಎಂಬುದು 180 ರೂಪಾಯಿ ಬಿಡುವುದಕ್ಕಿಂತ ತೂಕದ ಮಾತು.

ಆದರೆ ಈ ಮಾತಿಗೆ ಮಿತಿ ಹಾಕಿಕೊಳ್ಳಿ. ಇಬ್ಬರು ಹುಡುಗರು, ಒಬ್ಬೊಬ್ಬರು ದಿನಕ್ಕೆ 4 ಕೆಲಸ, ತಿಂಗಳಿಗೆ 26 ದಿನ ಎಂದರೆ 208 ಕೆಲಸ. ಕೊಟ್ಟ ಮಾತು ನಡೆಸಬೇಕಾದರೆ ಇಂಥ ಮನೆಗಳು 80, ಬಹಳ ಎಂದರೆ 100 ಇರಲಿ. ಇನ್ನೂರು ಜನರಿಗೆ ಮಾತು ಕೊಟ್ಟು ಏಪ್ರಿಲ್‌ನಲ್ಲಿ ಫೋನ್ ಸ್ವಿಚ್ ಆಫ್ ಮಾಡಿಕೊಂಡರೆ ಇನ್ನೂರು ಮನೆಯಲ್ಲೂ ನಿಮ್ಮ ಹೆಸರು ಕೆಡುತ್ತದೆ.

ಗಿರಾಕಿ ಕೇಳುವ ನ್ಯಾಯವಾದ ಪ್ರಶ್ನೆ ಒಂದಿದೆ: “ಹಾಕದೇ ಇರೋ ಎಸಿಗೆ ಸರ್ವಿಸ್ ಯಾಕ್ರೀ?” ಇಲ್ಲಿ ಹೆದರಿಸುವ ಚಾಳಿ ಬೇಡ. ಸರ್ವಿಸ್ ಮಾಡಿಸದಿದ್ದರೆ ಕಂಪ್ರೆಸರ್ ಸುಟ್ಟುಹೋಗುತ್ತದೆ ಎಂದು ಹೇಳುವವರಿದ್ದಾರೆ, ಜನ ಅದನ್ನು ಈಗ ನಂಬುವುದಿಲ್ಲ. ನಿಜವಾದ ಕಾರಣವೇ ಸಾಕಷ್ಟಿದೆ. ಮೂರು ತಿಂಗಳ ಬೇಸಿಗೆಯ ಧೂಳು ಇನ್‌ಡೋರ್ ಕಾಯಿಲ್‌ಗೆ, ಬ್ಲೋವರ್‌ಗೆ ಅಂಟಿರುತ್ತದೆ. ಜೂನ್‌ನ ತೇವ ಅದಕ್ಕೆ ಸೇರಿದರೆ ಬೂಷ್ಟು ಹಿಡಿಯುತ್ತದೆ. ಡ್ರೈನ್ ಟ್ರೇಯಲ್ಲಿ ಲೋಳೆ ಕಟ್ಟಿ ಒಣಗಿ ಪೈಪ್ ಬಾಯಿಗೆ ಕೂರುತ್ತದೆ. ಮಾರ್ಚ್‌ನಲ್ಲಿ ಎಸಿ ಹಾಕಿದ ಮೊದಲ ದಿನ ಬರುವ ಮುಗ್ಗಲು ವಾಸನೆ, ಗೋಡೆ ಮೇಲೆ ಇಳಿಯುವ ನೀರು ಎರಡಕ್ಕೂ ಮೂಲ ಇದು. ಔಟ್‌ಡೋರ್ ಯೂನಿಟ್ ಸುಮ್ಮನೆ ನಿಂತಿದ್ದಾಗ ಇರುವೆ, ಹಲ್ಲಿ ಒಳಗೆ ಸೇರಿಕೊಳ್ಳುತ್ತವೆ, ಇಲಿ ವೈರ್ ಕಡಿಯುತ್ತದೆ. ತೊಳೆದು ಒಣಗಿಸಿ ಇಡಲು ಬೇಸಿಗೆ ಮುಗಿದ ಕೂಡಲೇ ಸರಿಯಾದ ಹೊತ್ತು. ಅದನ್ನೇ ಹೇಳಿ.

ಮಳೆಗಾಲದ ಸರ್ವಿಸ್‌ನಲ್ಲಿ ಒಂದು ಅಪಾಯವಿದೆ. ಅದನ್ನು ಹುಡುಗರಿಗೆ ಕೂರಿಸಿ ಹೇಳಬೇಕು. ಹೊರಗೆ 24–25 ಡಿಗ್ರಿ ಇರುವಾಗ ಗ್ಯಾಸ್ ಪ್ರೆಷರ್ ಅಳೆಯುವ ಗೇಜ್ ಹಾಕಿದರೆ ಪ್ರೆಷರ್ ಕಡಿಮೆಯೇ ತೋರಿಸುತ್ತದೆ. “ಗ್ಯಾಸ್ ಕಮ್ಮಿ ಇದೆ” ಎಂದು ಹುಡುಗ ಒಂದಿಷ್ಟು ಏರಿಸುತ್ತಾನೆ. ಏಪ್ರಿಲ್‌ನಲ್ಲಿ 38 ಡಿಗ್ರಿ ಬಿಸಿಲು ಬಿದ್ದಾಗ ಆ ಹೆಚ್ಚಾದ ಗ್ಯಾಸ್‌ನಿಂದ ಪ್ರೆಷರ್ ಏರಿ ಕಂಪ್ರೆಸರ್ ಬಿಟ್ಟುಬಿಟ್ಟು ನಿಲ್ಲುತ್ತದೆ, ಮಳೆಗಾಲದಲ್ಲಿ ಕಷ್ಟಪಟ್ಟು ಹಿಡಿದ ಗಿರಾಕಿ ಬೇಸಿಗೆಯಲ್ಲಿ ಬೈದು ಹೋಗುತ್ತಾರೆ. ಗ್ಯಾಸ್ ಸವೆಯುವ ವಸ್ತುವಲ್ಲ, ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಮೊದಲು ಪೈಪ್ ಜೋಡಿಸುವ ಫ್ಲೇರ್ ನಟ್‌ಗಳಿಗೆ ಸೋಪಿನ ನೊರೆ ಹಚ್ಚಿ ನೋಡಲಿ. ತುಂಬಲೇಬೇಕಾದರೆ ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಮಾಡಿ, ಔಟ್‌ಡೋರ್ ಯೂನಿಟ್‌ನ ನೇಮ್‌ಪ್ಲೇಟ್ ಮೇಲೆ ಬರೆದಷ್ಟು ಗ್ರಾಂ ತೂಕ ಮಾಡಿ ತುಂಬಬೇಕು. ಆರ್-32, ಆರ್-410ಎ ಗ್ಯಾಸ್‌ನ ಯಂತ್ರಗಳಿಗೆ ಅಂದಾಜಿನ ಕೆಲಸ ಆಗದು. ಆರ್-32 ಬೆಂಕಿ ಹತ್ತಬಲ್ಲ ಗ್ಯಾಸ್ ಕೂಡ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬ್ರೇಜಿಂಗ್ (ಬೆಂಕಿ ಹಿಡಿದು ಪೈಪ್ ಬೆಸೆಯುವುದು) ಬೇಡ. ‘ಉಚಿತ ಗ್ಯಾಸ್ ಚೆಕ್’ ಎಂದು ಪಾಂಪ್ಲೆಟ್‌ನಲ್ಲಿ ಹಾಕುವ ರೂಢಿ ಇದ್ದರೆ ಇಂದೇ ನಿಲ್ಲಿಸಿ.

ಹಳೆಯ ಬಿಲ್ ಪುಸ್ತಕವೇ ಮೊದಲ ಗಲ್ಲಾಪೆಟ್ಟಿಗೆ

ಹೊಸ ಗಿರಾಕಿಗೆ ದುಡ್ಡು ಸುರಿಯುವ ಮೊದಲು ಆರು ವರ್ಷದ ಹಳೆಯ ಗಿರಾಕಿಗಳನ್ನೆಲ್ಲ ಮಾತಾಡಿಸಿ ಮುಗಿಸಿ. ಒಂದು ನೋಟ್‌ಬುಕ್ ಸಾಕು, ಮೊಬೈಲ್‌ನಲ್ಲಿ ಶೀಟ್ ಇದ್ದರೆ ಇನ್ನೂ ಒಳ್ಳೆಯದು. ಹೆಸರು, ನಂಬರ್, ಬಡಾವಣೆ, ಯಂತ್ರದ ಕಂಪನಿ, ಟನ್, ಗ್ಯಾಸ್, ಕೊನೆಯ ಸರ್ವಿಸ್ ತಿಂಗಳು. ಕೊನೆಗೆ ಇನ್ನೊಂದು ಕಾಲಂ: ‘ಆವತ್ತು ಏನು ಹೇಳಿ ಬಂದಿದ್ದೆವು’. ಕೆಪಾಸಿಟರ್ ವೀಕ್, ಡ್ರೈನ್ ಪೈಪ್‌ಗೆ ಇಳಿಜಾರಿಲ್ಲ, ಔಟ್‌ಡೋರ್ ಸ್ಟ್ಯಾಂಡ್ ತುಕ್ಕು, ಸ್ಟೆಬಿಲೈಸರ್ ಸದ್ದು. ಬೇಸಿಗೆಯ ಗಡಿಬಿಡಿಯಲ್ಲಿ “ಆಮೇಲೆ ನೋಡೋಣ” ಎಂದು ಬಿಟ್ಟ ಕೆಲಸಗಳೆಲ್ಲ ಈ ಕಾಲಂನಲ್ಲಿರುತ್ತವೆ. ಬಿಲ್‌ನಲ್ಲಿ ಬರೆದಿಲ್ಲದಿದ್ದರೆ ಹುಡುಗರನ್ನು ಕೇಳಿ, ಅರ್ಧದಷ್ಟಾದರೂ ಅವರಿಗೆ ನೆನಪಿರುತ್ತದೆ.

ಆಮೇಲೆ ಫೋನ್. ಮೆಸೇಜ್ ಅಲ್ಲ, ಫೋನ್. ಬೆಳಿಗ್ಗೆ 11ರಿಂದ 12.30, ಸಂಜೆ 5ರಿಂದ 6.30, ದಿನಕ್ಕೆ 15 ಮನೆ. “ಏನಾದ್ರೂ ಕೆಲಸ ಇದೆಯಾ ಸರ್?” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆ ಕೇಳಿ ನೋಡಿ:

“ನಮಸ್ಕಾರ ಮೇಡಂ, ಎಸಿ ಅಂಗಡಿಯಿಂದ. ಏಪ್ರಿಲ್‌ನಲ್ಲಿ ನಿಮ್ಮ ಬೆಡ್‌ರೂಮ್ ಎಸಿ ನೋಡಿದ್ವಿ. ನೀರಿನ ಪೈಪ್ ಇಳಿಜಾರು ಸರಿಯಿಲ್ಲ ಅಂತ ನಮ್ಮ ಹುಡುಗ ಹೇಳಿದ್ದ, ಆವತ್ತು ಟೈಮ್ ಸಾಲ್ಲಿಲ್ಲ. ಬುಧವಾರ ನಿಟುವಳ್ಳಿ ಕಡೆನೇ ಇರ್ತೀವಿ. ಪೈಪ್ ಸರಿ ಮಾಡಿ, ಒಂದ್ಸಲ ತೊಳೆದು ಮುಚ್ಚಿಟ್ಟು ಬರ್ತೀವಿ. ಹತ್ತೂವರೆಗೆ ಬಂದ್ರೆ ಆಗುತ್ತಾ?”

ಇದರಲ್ಲಿ ಯಂತ್ರದ ನೆನಪಿದೆ, ಕಾರಣವಿದೆ, ದಿನವಿದೆ. ಬೇಡ ಎಂದರೆ “ಆಯ್ತು ಮೇಡಂ, ಫೆಬ್ರವರಿಯಲ್ಲಿ ನೆನಪು ಮಾಡ್ತೀನಿ” ಎಂದು ಇಟ್ಟುಬಿಡಿ, ಮತ್ತು ನಿಜವಾಗಿಯೂ ಫೆಬ್ರವರಿಯಲ್ಲಿ ಮಾಡಿ. ಬಡಾವಣೆಗೆ ಒಂದು ದಿನ ಎಂದು ಗೊತ್ತು ಮಾಡಿಕೊಳ್ಳಿ. ಸೋಮವಾರ ವಿದ್ಯಾನಗರ, ಬುಧವಾರ ನಿಟುವಳ್ಳಿ, ಶುಕ್ರವಾರ ಎಂಸಿಸಿ ‘ಬಿ’ ಬ್ಲಾಕ್. ಪೆಟ್ರೋಲ್ ಉಳಿಯುತ್ತದೆ, “ಆ ಕಡೆ ಬರ್ತಿದ್ದೀವಿ” ಅನ್ನುವ ಮಾತೂ ಸುಳ್ಳಾಗುವುದಿಲ್ಲ.

ವಾಟ್ಸ್‌ಆ್ಯಪ್ ಬಗ್ಗೆ ಎರಡು ಮಾತು. ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನ ಹಿಡಿಯುತ್ತಾರೆ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಎಷ್ಟೋ ಜನ ‘ಎಲ್ಲರಿಗೂ ಕಳಿಸಿದೆ, ಯಾರೂ ತಿರುಗಿ ನೋಡಲಿಲ್ಲ’ ಎಂದು ಕೊರಗುವುದು ಇದು ಗೊತ್ತಿಲ್ಲದೆ. ಹಾಗಾಗಿ ಕೆಲಸ ಮುಗಿದ ತಕ್ಷಣ ಗಿರಾಕಿಯ ಮುಂದೆಯೇ “ನಂಬರ್ ಸೇವ್ ಮಾಡ್ಕೊಳ್ಳಿ ಸರ್” ಎನ್ನುವುದು ಹುಡುಗರಿಗೆ ರೂಢಿಯಾಗಲಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಲೇಬಲ್‌ಗಳಲ್ಲಿ ಎಸಿ, ಫ್ರಿಜ್, ಗೀಸರ್ ಎಂದು ವಿಂಗಡಿಸಿಡಿ. ಸಾವಿರಾರು ಮೆಸೇಜ್ ಒಟ್ಟಿಗೆ ಕಳಿಸುವ ಸಾಫ್ಟ್‌ವೇರ್ ಮಾರುವವರು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ನಂಬರ್ ಬ್ಯಾನ್ ಆದರೆ ಆರು ವರ್ಷದ ಸಂಪರ್ಕ ಒಂದೇ ದಿನಕ್ಕೆ ಹೋಗುತ್ತದೆ.

ವಾರ್ಷಿಕ ಕರಾರು: ಲಾಭವೂ ಇದೆ, ಗುಂಡಿಯೂ ಇದೆ

ವರ್ಷಕ್ಕೆ ಮೂರು ಸರ್ವಿಸ್‌ನ ವಾರ್ಷಿಕ ಕರಾರು (ಎಎಂಸಿ) ಈ ಕಸುಬಿಗೆ ಹೇಳಿ ಮಾಡಿಸಿದಂತಿದೆ: ಫೆಬ್ರವರಿ, ಜೂನ್–ಜುಲೈ, ನವೆಂಬರ್. ಮೂರರಲ್ಲಿ ಎರಡು ಭೇಟಿ ನಿಮ್ಮ ಖಾಲಿ ತಿಂಗಳಲ್ಲಿ ಬೀಳುತ್ತವೆ. ಬಿಡಿಯಾಗಿ 1,800 ಆಗುವುದನ್ನು 1,500ಕ್ಕೆ ಕೊಡಬಹುದು, ಖರ್ಚು 720 ಕಳೆದು 780 ಉಳಿಯುತ್ತದೆ.

ಬರೀ ಕೂಲಿಯ ಕರಾರು ಮಾತ್ರ ಮಾಡಿ. ಬಿಡಿಭಾಗವೂ ಸೇರಿದ ಕರಾರು ಕಂಪನಿಗಳಿಗೆ ಸರಿ, ಅವರಿಗೆ ಭಾಗಗಳು ಅಸಲು ಬೆಲೆಗೆ ಸಿಗುತ್ತವೆ. ನೀವು 40 ಮನೆಗೆ ಅಂಥ ಕರಾರು ಮಾಡಿದರೆ ವರ್ಷದ ಉಳಿತಾಯ 31,200. ಇನ್ವರ್ಟರ್ ಎಸಿಯ ಔಟ್‌ಡೋರ್ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ನಾಲ್ಕೈದು ಹೋದರೆ, ಒಂದೆರಡು ಕಂಪ್ರೆಸರ್ ಕೂತರೆ ಅಲ್ಲಿಗೆ ಅಷ್ಟೂ ಖಾಲಿ. ಕರಾರು ಚೀಟಿಯಲ್ಲಿ ಯಾವುದು ಸೇರಿಲ್ಲ ಎಂದು ಸೇರಿದ್ದಕ್ಕಿಂತ ದಪ್ಪ ಅಕ್ಷರದಲ್ಲಿ ಬರೆಯಿರಿ: ಗ್ಯಾಸ್, ಪಿಸಿಬಿ, ಕೆಪಾಸಿಟರ್, ಮೋಟಾರ್, ಬಿಚ್ಚಿ ಬೇರೆ ಕಡೆ ಹಾಕುವ ಕೆಲಸ.

ಎರಡನೆಯ ಗುಂಡಿ ದುಡ್ಡಿನದು. 40 ಕರಾರು ಆಯಿತು, 60,000 ಬಂತು. ಇದರಲ್ಲಿ ಮೊದಲ ಭೇಟಿಯ 20,000 ಮಾತ್ರ ಸದ್ಯಕ್ಕೆ ನಿಮ್ಮದು. ಉಳಿದ 40,000 ಇನ್ನೂ ಮಾಡದ ಕೆಲಸದ ಮುಂಗಡ. ಬೇರೆ ಖಾತೆಗೆ ಹಾಕಿ, ಭೇಟಿ ಮುಗಿದಂತೆ ತೆಗೆಯಿರಿ. ಇದನ್ನು ಬಾಡಿಗೆಗೆ ಕಟ್ಟಿಬಿಟ್ಟರೆ ನವೆಂಬರ್‌ನಲ್ಲಿ 40 ಮನೆಗೆ ಪುಕ್ಕಟೆ ಓಡಾಡಿದ ಹಾಗೆ ಅನ್ನಿಸುತ್ತದೆ, ಹೋಗಲು ಮನಸ್ಸು ಬರುವುದಿಲ್ಲ, ಗಿರಾಕಿ ಜಗಳಕ್ಕೆ ಬರುತ್ತಾರೆ.

ಸೀಸನ್ ಇಲ್ಲದ ಗಿರಾಕಿಗಳು ನಿಮ್ಮ ಊರಿನಲ್ಲಿ ಬೇಕಾದಷ್ಟಿದ್ದಾರೆ. ವೈದ್ಯಕೀಯ ಕಾಲೇಜುಗಳಿರುವ ಊರು, ನರ್ಸಿಂಗ್ ಹೋಮ್, ಲ್ಯಾಬ್, ಮೆಡಿಕಲ್ ಶಾಪ್ ಬೀದಿಬೀದಿಗೆ ಇವೆ. ಲಸಿಕೆ, ಇನ್ಸುಲಿನ್ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಒಳಗೇ ಇರಬೇಕು, ಮಳೆಗಾಲ ಅಂತ ಅದಕ್ಕೆ ರಜೆ ಇಲ್ಲ. ಐಸ್‌ಕ್ರೀಂ ಪಾರ್ಲರ್‌ನ ಡೀಪ್ ಫ್ರೀಜರ್, ಬೇಕರಿಯ ಡಿಸ್‌ಪ್ಲೇ ಕೌಂಟರ್ ಕೂಡ ಹೀಗೇ. ಇಂಥ ಕಡೆ ‘ರಿಪೇರಿ ಇದ್ದರೆ ಹೇಳಿ’ ಎಂದು ಕಾರ್ಡ್ ಕೊಟ್ಟು ಬರಬೇಡಿ. ಡಿಜಿಟಲ್ ಥರ್ಮಾಮೀಟರ್ ಹಿಡಿದುಕೊಂಡು ಹೋಗಿ. ಬಾಗಿಲ ಗ್ಯಾಸ್ಕೆಟ್‌ಗೆ ಒಂದು ಕಾಗದ ಸಿಕ್ಕಿಸಿ ಎಳೆದು ತೋರಿಸಿ, ಸಲೀಸಾಗಿ ಬಂದರೆ ತಂಪು ಸೋರುತ್ತಿದೆ. ಹಿಂದಿನ ಕಂಡೆನ್ಸರ್ ಮೇಲಿನ ಧೂಳು ತೋರಿಸಿ. ತಿಂಗಳಿಗೊಮ್ಮೆ ಬಂದು ಸ್ವಚ್ಛ ಮಾಡಿ ತಾಪಮಾನ ಬರೆದಿಟ್ಟು ಹೋಗುವ ಸಣ್ಣ ಕರಾರು ಕೇಳಿ.

ಇಲ್ಲಿ ತಾಪತ್ರಯ ಬಾಕಿಯದು. ಸಂಸ್ಥೆಗಳು ತಿಂಗಳುಗಟ್ಟಲೆ ಸತಾಯಿಸುತ್ತವೆ. ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಿ, ಸರ್ಕಾರಿ ಜಾಲತಾಣದಲ್ಲಿ ಅದು ಉಚಿತ, ಯಾರಿಗೂ ಫೀಸು ಕೊಡಬೇಕಿಲ್ಲ. ಆ ಸಂಖ್ಯೆಯನ್ನು ಬಿಲ್ ಮೇಲೆ ಅಚ್ಚು ಹಾಕಿಸಿ. ಸಣ್ಣ ಉದ್ಯಮಗಳ 2006ರ ಎಂಎಸ್‌ಎಂಇ ಕಾಯಿದೆ ಪ್ರಕಾರ ನಿಮ್ಮ ಬಿಲ್‌ನ ದುಡ್ಡು ಕೊಡಲು ಲಿಖಿತ ಕರಾರು ಇದ್ದರೂ 45 ದಿನ ಮೀರುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ಗಡುವಿನೊಳಗೆ ಕೊಡದಿದ್ದರೆ ದುಡ್ಡು ಕೊಡುವ ತನಕ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸಿಕೊಳ್ಳಲು ಅವರಿಗೆ ಬರುವುದಿಲ್ಲ ಎಂಬ ನಿಯಮ 2023–24ರ ಲೆಕ್ಕವರ್ಷದಿಂದ ಬಂದಿದೆ. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತು. ಬಿಲ್ ಮೇಲಿನ ಆ ಒಂದು ಸಾಲು ನೀವು ಹತ್ತು ಸಲ ಫೋನ್ ಮಾಡುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೂ ಒಂದೇ ಸಂಸ್ಥೆಯ ಬಾಕಿ ನಿಮ್ಮ ಒಂದು ತಿಂಗಳ ಸಂಬಳದ ಖರ್ಚನ್ನು ದಾಟಲು ಬಿಡಬೇಡಿ.

ಆಷಾಢದಲ್ಲಿ ಗೃಹಪ್ರವೇಶ ಇರುವುದಿಲ್ಲ, ಎಸಿ ಫಿಟ್ಟಿಂಗ್ ಕೆಲಸ ನಿಲ್ಲುತ್ತದೆ, ನಿಜ. ಆದರೆ ಶ್ರಾವಣದ ಮುಹೂರ್ತ ಇಟ್ಟುಕೊಂಡ ಮನೆಗಳಲ್ಲಿ ಕೆಲಸ ಜೋರಾಗಿ ನಡೆಯುತ್ತಿರುತ್ತದೆ. ಗೋಡೆಯೊಳಗೆ ತಾಮ್ರದ ಪೈಪ್ ಎಳೆಯುವುದು ಗಾರೆಗೆ ಮುಂಚೆ. ನೀವು ಹಿಡಿಯಬೇಕಾದದ್ದು ಮನೆ ಮಾಲೀಕರನ್ನಲ್ಲ, ಎಲೆಕ್ಟ್ರಿಷಿಯನ್, ಇಂಟೀರಿಯರ್‌ನವರು ಮತ್ತು ಸೈಟ್ ಮೇಸ್ತ್ರಿಯನ್ನು. ಒಂದೂವರೆ ಟನ್‌ಗೆ ಸಾಮಾನ್ಯವಾಗಿ ಕಾಲು ಇಂಚು ಮತ್ತು ಅರ್ಧ ಇಂಚಿನ ಪೈಪ್ ಜೋಡಿ. ಎಳೆದ ಮೇಲೆ ನೈಟ್ರೋಜನ್ ತುಂಬಿ 24 ಗಂಟೆ ಗೇಜ್ ಬಿಟ್ಟು, ಮುಳ್ಳು ಇಳಿಯದಿದ್ದ ಫೋಟೊ ಮಾಲೀಕರಿಗೆ ಕಳಿಸಿ. ಆಮೇಲೆಯೇ ಗಾರೆ. ಈ ಫೋಟೊ ಕಳಿಸುವವರು ಕಡಿಮೆ, ಅದಕ್ಕೇ ಅದು ಬಾಯಿಂದ ಬಾಯಿಗೆ ಹೋಗುತ್ತದೆ. ಡ್ರೈನ್ ಇಳಿಜಾರು ಮರೆತು ಟೈಲ್ಸ್ ಹಾಕಿಸಿಬಿಟ್ಟರೆ ಮಾತ್ರ ಒಡೆಯುವ ಖರ್ಚು ನಿಮ್ಮ ತಲೆಗೆ.

ಗೀಸರ್ ಸರ್ವಿಸ್ ಸೇರಿಸಿಕೊಳ್ಳುವುದು ಒಳ್ಳೆಯ ಯೋಚನೆ, ಅಕ್ಟೋಬರ್‌ನಿಂದ ಜನವರಿ ತನಕ ಕೆಲಸ ಕೊಡುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಎಲಿಮೆಂಟ್ ಮೇಲೆ ಸುಣ್ಣ ಕಟ್ಟುವುದು, ಮೆಗ್ನೀಸಿಯಂ ರಾಡ್ ಸವೆದು ಟ್ಯಾಂಕ್ ತೂತು ಬೀಳುವುದು ಇದ್ದದ್ದೇ. ಹಳೆಯ ಗೀಸರ್ ಬಿಚ್ಚಿದರೆ ಫ್ಲ್ಯಾಂಜ್ ಗ್ಯಾಸ್ಕೆಟ್ ಮತ್ತೆ ಕೂರುವುದಿಲ್ಲ. ಹೊಸದು ಬ್ಯಾಗ್‌ನಲ್ಲಿಲ್ಲದೆ ಬಿಚ್ಚಬೇಡಿ. ಅರ್ಥಿಂಗ್ ಪರೀಕ್ಷಿಸದೆ ಯಾವ ಬಚ್ಚಲುಮನೆಯಿಂದಲೂ ಹೊರಬರಬೇಡಿ. ವಾಷಿಂಗ್ ಮೆಷಿನ್, ಆರ್‌ಒ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ, ಬಿಡಿಭಾಗದ ಸ್ಟಾಕ್‌ನಲ್ಲೇ ದುಡ್ಡು ಕಟ್ಟಿಹೋಗುತ್ತದೆ.

ಜಾಹೀರಾತಿನ ಮಾತು

ಫೇಸ್‌ಬುಕ್ ಬೂಸ್ಟ್ ಯಾಕೆ ಕೆಲಸ ಮಾಡಲಿಲ್ಲ? ಎಸಿ ಕೆಟ್ಟವರು ಫೇಸ್‌ಬುಕ್‌ಗೆ ಹೋಗುವುದಿಲ್ಲ, ಗೂಗಲ್‌ನಲ್ಲಿ ಹುಡುಕುತ್ತಾರೆ ಅಥವಾ ಪಕ್ಕದ ಮನೆಯವರನ್ನು ಕೇಳುತ್ತಾರೆ. ಹಾಗಾಗಿ ಗೂಗಲ್ ಬಿಸಿನೆಸ್ ಪ್ರೊಫೈಲ್ ಮೊದಲು ಸರಿಪಡಿಸಿ, ಅದಕ್ಕೆ ಖರ್ಚಿಲ್ಲ. ಬೋರ್ಡ್ ಮೇಲಿರುವ ಹೆಸರೇ ಅಲ್ಲೂ ಇರಲಿ. ದೊಡ್ಡ ಕಂಪನಿಯ ಹೆಸರು ಸೇರಿಸಿ ‘ಕಸ್ಟಮರ್ ಕೇರ್’ ಎಂದು ಹಾಕಿಕೊಳ್ಳುವ ಚಟ ನಿಮ್ಮ ಕಸುಬಿನಲ್ಲಿದೆ. ಪ್ರೊಫೈಲ್ ಅಮಾನತಾಗುತ್ತದೆ, ಟ್ರೇಡ್‌ಮಾರ್ಕ್ ನೋಟಿಸ್ ಬಂದರೆ ವಕೀಲರ ಫೀಸು ಬೇರೆ. ಕೆಲಸ ಮುಗಿದು ಗಿರಾಕಿ ಖುಷಿಯಾಗಿರುವಾಗಲೇ ರಿವ್ಯೂ ಲಿಂಕ್ ಕಳಿಸಿ, ಬಡಾವಣೆಯ ಹೆಸರು, ಮಾಡಿದ ಕೆಲಸ ಬರೆಯಲು ಹೇಳಿ. ರಿವ್ಯೂಗೆ ದುಡ್ಡು, ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ವಾರಕ್ಕೆ ಎರಡು ಬಂದರೆ ಸಾಕು.

ಗೂಗಲ್ ಜಾಹೀರಾತನ್ನು ಮಾರ್ಚ್‌ಗೆ ಮೀಸಲಿಡಬೇಡಿ, ಆಗ ಹೇಗೂ ಫೋನ್ ಎತ್ತಲು ಆಗುವುದಿಲ್ಲ. ಮಳೆಗಾಲದಲ್ಲಿ ಹುಡುಕುವವರು ಕಡಿಮೆ, ಆದರೆ ಹುಡುಕುವವರಿಗೆ ಯಂತ್ರ ನಿಜವಾಗಿ ಕೆಟ್ಟಿರುತ್ತದೆ. ಫ್ರಿಜ್ ರಿಪೇರಿಗೆ ಸಣ್ಣ ಮೊತ್ತ ಇಟ್ಟು ನೋಡಿ. ಸ್ಥಳದ ಸೆಟ್ಟಿಂಗ್‌ನಲ್ಲಿ ‘ಈ ಊರಿನಲ್ಲಿ ಇರುವವರು’ ಎಂಬುದನ್ನೇ ಆರಿಸಿ. ತಾನಾಗಿ ಇರುವ ಆಯ್ಕೆಯಲ್ಲಿ ‘ಊರಿನ ಬಗ್ಗೆ ಆಸಕ್ತಿ ಇರುವವರು’ ಕೂಡ ಸೇರಿ ಬೆಂಗಳೂರಿನ ಕ್ಲಿಕ್‌ಗೂ ದುಡ್ಡು ಹೋಗುತ್ತದೆ. ಕೋರ್ಸ್, ಕೆಲಸ ಖಾಲಿ, ಸೆಕೆಂಡ್ ಹ್ಯಾಂಡ್ ಎಂಬ ಪದಗಳನ್ನು ಬೇಡದ ಪಟ್ಟಿಗೆ ಹಾಕಿ, ಅವನ್ನು ಹುಡುಕುವವರಿಗೆ ನಿಮ್ಮ ಜಾಹೀರಾತು ಕಾಣುವುದಿಲ್ಲ.

24,000ದ ಪ್ಯಾಕೇಜ್ ಬಗ್ಗೆ. ಒಂದು ಕೆಲಸಕ್ಕೆ ನಿಮಗೆ 360 ಉಳಿಯುವುದಾದರೆ ಕಟ್ಟಿದ ದುಡ್ಡು ವಾಪಸ್ ಬರಲು 67 ಕೆಲಸ ಬೇಕು. ಒಂದೇ ವಿಚಾರಣೆಯನ್ನು ನಾಲ್ಕೈದು ಅಂಗಡಿಗೆ ಕೊಡುವ ಪದ್ಧತಿ ಇದ್ದರೆ, ಐದಕ್ಕೆ ಒಂದು ಕುದುರಿದರೂ 335 ವಿಚಾರಣೆ. ಸಹಿ ಹಾಕುವ ಮೊದಲು ಮೂರು ಕೇಳಿ: ಒಂದು ವಿಚಾರಣೆ ಎಷ್ಟು ಅಂಗಡಿಗೆ ಹೋಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿಗೆ ಎಷ್ಟು ಕೊಟ್ಟಿದ್ದೀರಿ, ನಡುವೆ ಬಿಡಬೇಕೆಂದರೆ ಬ್ಯಾಂಕ್ ಆಟೋ ಡೆಬಿಟ್ ನಿಲ್ಲುವುದು ಹೇಗೆ. ಲಿಖಿತ ಉತ್ತರ ಬರದಿದ್ದರೆ ಬೇಡ. ಬಂದರೂ ಮೂರು ತಿಂಗಳಿಗಷ್ಟೇ ಕಟ್ಟಿ, ಬಂದ ಪ್ರತಿ ಕಾಲ್ ಬರೆದಿಡಿ.

ಹುಡುಗನನ್ನು ಬಿಡಿಸುವ ಯೋಚನೆ ಸದ್ಯ ಬದಿಗಿಡಿ. ಜುಲೈನಲ್ಲಿ ಬಿಟ್ಟರೆ ಮಾರ್ಚ್‌ನಲ್ಲಿ ಸಿಗುವುದು ಫ್ಲೇರ್ ಮಾಡಲು ಬಾರದ ಹೊಸಬ, ಅವನ ತಪ್ಪುಗಳ ವಾಪಸ್ ಕಾಲ್‌ಗಳಿಗೆ ಓಡಾಡುವವರು ನೀವು. ಇಬ್ಬರನ್ನೂ ಕೂರಿಸಿ ಮಾತಾಡಿ: ಖಾಲಿ ತಿಂಗಳಲ್ಲಿ ಮೂಲ ಸಂಬಳ ಇಷ್ಟು, ಪ್ರತಿ ಕೆಲಸಕ್ಕೆ ಇಷ್ಟು, ಕರಾರು ಮಾಡಿಸಿದರೆ ಒಂದಕ್ಕೆ ನೂರು. ಸರದಿಯಲ್ಲಿ ಹತ್ತತ್ತು ದಿನ ಊರಿಗೆ ಹೋಗಿ ಬರಲಿ. ಮುಂದಿನ ಮಾರ್ಚ್‌ನಿಂದ ಮೇ ತನಕ ದಿನದ ಗಲ್ಲಾದಿಂದ ನೂರಕ್ಕೆ 15 ತೆಗೆದು ಬೇರೆ ಖಾತೆಗೆ ಹಾಕುತ್ತಾ ಬಂದರೆ ಅವರ ಮಳೆಗಾಲದ ಸಂಬಳಕ್ಕೆ ಅದೇ ಆಧಾರ. ಈ ವರ್ಷ ಆ ಖಾತೆ ಇಲ್ಲ, ಆದ್ದರಿಂದ ಈ ಸೋಮವಾರ ಬೆಳಿಗ್ಗೆ 11ಕ್ಕೆ ಬಿಲ್ ಪುಸ್ತಕದ ಮೊದಲ 15 ನಂಬರ್.